ಕಾಗೆ ಬಡಿದ ತಲೆಗೆ ಅಳುವವರು

ಮೊನ್ನೆ ಅಡುಗೆಮನೆಯ ಅಟ್ಟದ ಸಾಮಾನು ಇಳಿಸಿದೆವು. ಇಳಿಸಿದೆವು ಎಂದರೆ, ಕೆಲಸದ ಗಂಗಮ್ಮ ಸ್ಟೂಲಿನ ಮೇಲೆ ನಿಂತು ಇಳಿಸಿದಳು, ನಾನು ಕೆಳಗೆ ಕುರ್ಚಿ ಹಾಕಿಕೊಂಡು ಸೂಪರ್‌ವೈಸ್ ಮಾಡಿದೆ. ಮಂಡಿನೋವು ಶುರುವಾದ ಮೇಲೆ ನನಗೆ ಉಳಿದಿರುವ ಹುದ್ದೆ ಇದೊಂದೇ. ಹಿತ್ತಾಳೆ ಹಂಡೆ, ಕಾಲು ಮುರಿದ ಶಾವಿಗೆ ಮಣೆ, ಯಾವ ಡಬ್ಬಿಗೂ ಕೂಡದ ಮುಚ್ಚಳಗಳು, ಎಲ್ಲ ಇಳಿದ ಮೇಲೆ ಮೂಲೆಯಿಂದ ಒಂದು ಜರ್ಮನ್ ಬೋಗಾಣಿ ಉರುಳಿಕೊಂಡು ಬಂತು.

ಅಲ್ಯುಮಿನಿಯಂ ಪಾತ್ರೆಗೆ ನಮ್ಮ ಕಡೆ ಜರ್ಮನ್ ಎನ್ನುತ್ತಾರೆ. ಚಿಕ್ಕವಳಿದ್ದಾಗ ನಾನು, ಗೊಬ್ಬೂರಿನ ನಮ್ಮ ಮನೆಯ ಬೋಗಾಣಿಗಳೆಲ್ಲ ಹಡಗು ಹತ್ತಿ ಜರ್ಮನಿಯಿಂದಲೇ ಬಂದವು ಎಂದು ನಂಬಿದ್ದೆ. ಕಾನ್ವೆಂಟಿನಲ್ಲಿ ಜಿಯಾಗ್ರಫಿ ಸಿಸ್ಟರ್ ಆ ದೇಶದ ಮುಖ್ಯ ರಫ್ತು ಯಾವುದು ಎಂದು ಕೇಳಿದಾಗ, ಇಡೀ ಕ್ಲಾಸಿನಲ್ಲಿ ಒಬ್ಬಳೇ ಕೈ ಎತ್ತಿ "ಕುಕಿಂಗ್ ವೆಸಲ್ಸ್, ಸಿಸ್ಟರ್" ಎಂದಿದ್ದೆ. ಆ ವರ್ಷವೆಲ್ಲ ಹಾಸ್ಟೆಲಿನಲ್ಲಿ ನನ್ನ ಹೆಸರು ಬೋಗಾಣಿ.

"ಬಾಯಾರ, ಇದರ ತಳಾ ನೋಡ್ರಿ, ಪೂರಾ ನೆಗ್ಗಿ ಹೋಗ್ಯಾದ. ಹಳೇ ಸಾಮಾನಿನ ಭಂಗಾರದವಗ ಹಾಕಲೇನ್ರಿ?" ಎಂದಳು ಗಂಗಮ್ಮ. ಜೇವರ್ಗಿಯಲ್ಲಿ ಇಂಗ್ಲಿಷ್ ಟೀಚರಾಗಿ ರಿಟೈರ್ ಆದವಳು ನಾನು, ಆದ್ದರಿಂದ ಊರಿಗೆಲ್ಲ ಬಾಯಾರು.

"ಬ್ಯಾಡ, ಇರಲಿ."

"ಹಾಲು ಕಾಸಾಕ ಬರಂಗಿಲ್ಲ, ಹಿಟ್ಟು ನಾದಾಕ ಬರಂಗಿಲ್ಲ. ಇಟ್ಕೊಂಡು ಏನ್ ತಲೀಗೆ ಹಾಕ್ಕೋತೀರಾ?"

ಗಂಗಮ್ಮ ಈಚೆಗೆ ಬಂದವಳು. ಅದು ತಲೆಗೇ ಹಾಕಿಕೊಳ್ಳುವ ಬೋಗಾಣಿ, ಆ ನೆಗ್ಗುಗಳೆಲ್ಲ ಕಾಗೆಯ ಕೊಕ್ಕಿನವು, ಅದರ ಒಡೆಯ ಒಂದು ಸಂಜೆ ಅದನ್ನು ನಮ್ಮಲ್ಲೇ ಬಿಟ್ಟುಹೋದ ಎಂದರೆ ಆಕೆ ನಗುತ್ತಿದ್ದಳು. ನಾನೂ ಒಂದು ಕಾಲಕ್ಕೆ ನಕ್ಕಿದ್ದೆ.

ಒಡೆಯನ ಹೆಸರು ನಿಂಗಪ್ಪ. ಗಿಡ ಸವರುವುದು ಅವನ ಕೆಲಸ. ಬೇಸಿಗೆಯಲ್ಲಿ ಬಿರುಗಾಳಿ ಏಳುವ ಮೊದಲು, ಕರೆಂಟಿನ ತಂತಿಗೆ ತಾಗುವ, ಮನೆಯ ತಗಡಿನ ಪತ್ರಾದ ಮೇಲೆ ಬೀಳುವ ಟೊಂಗೆಗಳನ್ನು ಇಳಿಸಿಬಿಡಬೇಕು. ಕಾಗೆಗಳು ಬೇವಿನ ಮರದಲ್ಲಿ ಗೂಡು ಕಟ್ಟಿ ಮರಿ ಮಾಡುವುದೂ ಬರೋಬರ್ ಅದೇ ದಿನಗಳಲ್ಲಿ. ಈ ಟೈಮ್‌ಟೇಬಲ್ ಹಾಕಿದವರು ಯಾರೋ, ನಮ್ಮ ಹೆಡ್‌ಮಾಸ್ಟರೇ ಇರಬೇಕು. ನಿಂಗಪ್ಪ ಬೋಗಾಣಿಯನ್ನು ತಲೆಗೆ ಬೋರಲು ಹಾಕಿ, ಮೇಲೆ ರುಮಾಲು ಬಿಗಿದು, ಗದ್ದದ ಕೆಳಗೆ ಗಂಟು ಹಾಕಿಕೊಂಡು ಮರ ಏರುತ್ತಿದ್ದ. ಕೆಳಗೆ ನಿಂತರೆ ಟಣ್, ಟಣ್ ಎಂದು ಕೇಳುತ್ತಿತ್ತು. ಅವನ ಕೊಡಲಿಯ ಸಪ್ಪಳಕ್ಕಿಂತ ಕಾಗೆಗಳ ಸಪ್ಪಳವೇ ಜಾಸ್ತಿ.

ಅವನು ಒಳ್ಳೆಯ ಮಾತುಗಾರ. ಚಹಾ ಕುಡಿಯಲು ಇಳಿದನೆಂದರೆ ಅವನ ಹಕ್ಕಿಗಳೂ ಅವನ ಜೊತೆ ಇಳಿಯುತ್ತಿದ್ದವು. ಆಳಂದದ ಕಡೆ ಒಂದು ಹುಣಸೆ ಮರದ ತುಂಬ ಕೊಕ್ಕರೆಗಳು ಗೂಡು ಕಟ್ಟಿದ್ದವಂತೆ. ಅರ್ಧ ಮರ ಸವರಿ ಇಳಿಯುವಷ್ಟರಲ್ಲಿ ಇವನು ಸುಣ್ಣ ಬಳಿದ ಗೋಡೆಯಾಗಿದ್ದನಂತೆ. "ಹೆಂಡ್ತಿ ಇದ್ದಳ್ರಿ ಆಗ. ಬಾಗಲದಾಗ ನಿಲ್ಲಿಸಿ ಕೊಡದ ಮ್ಯಾಲ ಕೊಡ ಸುರುವಿದಳು. ನಾತ ಹೋಗೂತನ ಒಳಗ ಬಿಡಲಿಲ್ಲ." ಗಿಳಿಯ ಪೊಟರೆಗೆ ಗೊತ್ತಿಲ್ಲದೆ ಕೈಯಿಟ್ಟು ಬೆರಳು ಕಚ್ಚಿಸಿಕೊಂಡಿದ್ದ. ಅಫಜಲಪುರದಲ್ಲಿ ತೆಂಗಿನ ಮರದ ಮೇಲೆ ಹದ್ದು ಅವನ ಅಂಗಿ ಹರಿದು, ಬೆನ್ನಿನ ಮೇಲೆ ಗೀರು ಎಳೆದಿತ್ತು. ಅದನ್ನು ತೋರಿಸಲು ಅಂಗಿ ಎತ್ತಿದಾಗ ನಾನು "ಸಾಕು, ಸಾಕು, ಐ ಬಿಲೀವ್ ಯೂ" ಎಂದು ಮುಖ ತಿರುಗಿಸಿದ್ದೆ.

ತತ್ತಿಯಿದ್ದ ಟೊಂಗೆಗೆ ಅವನು ಕೊಡಲಿ ಹಚ್ಚುತ್ತಿರಲಿಲ್ಲ. ಹಾಗಾಗಿ ಅವನು ಸವರಿದ ಮರಗಳು ಒಂದು ಕಡೆ ಬೋಳು, ಒಂದು ಕಡೆ ಜಟೆ. ನಮ್ಮ ಅಂಗಳದ ಬೇವು ಎಷ್ಟೋ ಬೇಸಿಗೆ ಹಾಗೆಯೇ ನಿಂತಿತ್ತು. ಈಗ ಕನ್ನಡಿಯಲ್ಲಿ ನನ್ನ ತಲೆ ನೋಡಿಕೊಂಡರೂ ಅದೇ ಫ್ಯಾಷನ್ನು.

ಒಮ್ಮೆ ಕೇಳಿದೆ, "ಹದ್ದಿಗೆ ಅಂಜಂಗಿಲ್ಲ, ಕಾಗಿಗೆ ಬೋಗಾಣಿ ಹಾಕ್ಕೋತಿ. ಇದ್ಯಾವ ಲೆಕ್ಕ?"

"ಹದ್ದು ಹರೀತದ, ಗಿಳಿ ಕಚ್ತದ. ಅದು ಮೈಗೆ ಆಗೂದು, ಆರಿ ಹೋಗ್ತದ. ಕಾಗಿ ತಲೀಗೆ ಬಡದ್ರ ಮಾತು ಬ್ಯಾರೇರಿ. ನಿಮಗ ಗೊತ್ತಿಲ್ಲೇನು?"

ಗೊತ್ತಿಲ್ಲದೆ ಏನು. ಕಾಗೆ ನೆತ್ತಿಗೆ ಬಡಿದರೆ ಸಾವು ಹತ್ತಿರ ಬಂತು ಎಂದು ನಮ್ಮ ಕಡೆಯ ನಂಬಿಕೆ. ಅದಕ್ಕೆ ಮದ್ದೂ ಇದೆ. ಬಡಿಸಿಕೊಂಡವರು ಸತ್ತೇ ಹೋದರು ಎಂದು ದೂರದ ನೆಂಟರಿಗೆ ಸುದ್ದಿ ಕಳಿಸಬೇಕು. ಅವರು ಅಳಬೇಕು. ಸುಳ್ಳು ಸಾವಿಗೆ ಖರೆ ಕಣ್ಣೀರು ಬಿದ್ದರೆ, ಬರಲಿದ್ದ ಸಾವು ತನ್ನ ಕೆಲಸ ಮುಗಿಯಿತೆಂದು ಹಿಂದಿರುಗುತ್ತದೆ. ಅತ್ತು ಮುಗಿದ ಮೇಲೆಯೇ ನಿಜ ಹೇಳಬೇಕು. ಆಮೇಲೆ ಬೈಗುಳ, ನಗು, ಸಿಹಿ ಊಟ.

ನನಗೇ ಈ ಮದ್ದು ಆಗಿದೆ. ಕಾನ್ವೆಂಟಿನ ರಜೆಗೆ ಗೊಬ್ಬೂರಿಗೆ ಬಂದಿದ್ದೆ. ಎರೆದುಕೊಂಡು ಹಿತ್ತಲಲ್ಲಿ ಕೂದಲು ಒಣಗಿಸುತ್ತಿದ್ದಾಗ ಕಾಗೆಯೊಂದು ಬಂದು ನೆತ್ತಿಗೆ ಕುಕ್ಕಿ ಹೋಯಿತು. ಅಜ್ಜಿ ಒಂದು ಕ್ಷಣವನ್ನೂ ವೇಸ್ಟ್ ಮಾಡಲಿಲ್ಲ. ಆಳನ್ನು ಕರೆದು, ಸೈಕಲ್ ಹತ್ತಿಸಿ, ಚೌಡಾಪುರದಲ್ಲಿದ್ದ ನಮ್ಮ ಸೋದರತ್ತೆಗೆ ಸುದ್ದಿ ಮುಟ್ಟಿಸಲು ಹೇಳಿದಳು.

"ಅಲ್ಲೀತನ ಯಾಕ? ಇವರವ್ವ ಇಲ್ಲೇ ಅದಾಳಲ್ಲ, ಆಕೀನ ಅಳಲಿ" ಎಂದ ನಮ್ಮಪ್ಪ.

"ಆಕಿಗೆ ಎಲ್ಲಾ ಗೊತ್ತದ, ಸುಳ್ಳು ಅಳು ನಡಿಯಂಗಿಲ್ಲ. ಗೊತ್ತಿಲ್ದಿದ್ರೂ ಆಕಿ ಗಟ್ಟಿ ಹೆಣ್ಣು, ಆಕೀ ಕಣ್ಣಾಗಿಂದ ಹನಿ ಉದುರಬೇಕಂದ್ರ ಉಳ್ಳಾಗಡ್ಡಿ ಬೇಕು" ಎಂದಳು ಅಜ್ಜಿ, ಪಕ್ಕದಲ್ಲೇ ನಿಂತಿದ್ದ ಅವ್ವನಿಗೆ ಕೇಳುವ ಹಾಗೆ.

ಮಧ್ಯಾಹ್ನಕ್ಕೆ ಅತ್ತೆಯ ಎತ್ತಿನ ಚಕ್ಕಡಿ ಬಂತು. ಊರ ಬಾಗಿಲ ಅಗಸಿಯಿಂದಲೇ ಆಕೆಯ ಅಳು ಕೇಳುತ್ತಿತ್ತು. ನನ್ನ ಹೆಸರು ಹಿಡಿದು, ನನ್ನ ಜಡೆ, ನನ್ನ ಕಾಲ್ಗೆಜ್ಜೆ, ನನ್ನ ಇಂಗ್ಲಿಷ್ ಮಾತು, ಒಂದೊಂದನ್ನೇ ಕರೆದು ಅಳುತ್ತ ಅಂಗಳಕ್ಕೆ ಬಂದಳು. ನಾನು ಕಟ್ಟೆಯ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದೆ. ಅತ್ತೆ ನನ್ನನ್ನು ನೋಡಿದಳು, ಕುಸಿದು ಕೂತಳು, ಎದ್ದು ಬಂದು ಕಪಾಳಕ್ಕೆ ಹೊಡೆದಳು, ಆಮೇಲೆ ಉಸಿರು ಕಟ್ಟುವಂತೆ ತಬ್ಬಿಕೊಂಡಳು. ರಾತ್ರಿ ಹೋಳಿಗೆಯಾಯಿತು.

ರಜೆ ಮುಗಿದ ಮೇಲೆ ಇದನ್ನೇ ಇಂಗ್ಲಿಷ್ ಕಾಂಪೊಸಿಷನ್ನಿನಲ್ಲಿ ಬರೆದೆ. ಗೋಲ್ಡ್ ಸ್ಟಾರ್ ಸಿಗುತ್ತದೆಂದು ಕಾದಿದ್ದರೆ, ಸಿಸ್ಟರ್ ನನ್ನನ್ನು ಕರೆದು ಚಾಪೆಲ್ಲಿಗೆ ಹೋಗಿ ಪ್ರೇಯರ್ ಮಾಡಲು ಹೇಳಿದರು. ನನಗೋಸ್ಕರವಲ್ಲ, ಅತ್ತೆಗೋಸ್ಕರ. ಚೌಡಾಪುರದಿಂದ ಗೊಬ್ಬೂರಿನ ತನಕ ಆ ಚಕ್ಕಡಿಯಲ್ಲಿ ಆಕೆ ಹೇಗೆ ಬಂದಿರಬೇಕು, ಯೋಚನೆ ಮಾಡು ಎಂದರು. ನಾನು ಹೋಳಿಗೆಯ ಬಗ್ಗೆ ಯೋಚನೆ ಮಾಡುತ್ತ ಮೊಣಕಾಲೂರಿದ್ದು ನೆನಪಿದೆ.

ನಿಂಗಪ್ಪನಿಗೆ ಬಡಿದದ್ದು ನಮ್ಮ ಮರದಲ್ಲೇ. ಪಕ್ಕದ ಮನೆಯ ಪತ್ರಾದ ಮೇಲೆ ಬಾಗಿದ್ದ ದೊಡ್ಡ ಟೊಂಗೆಯನ್ನು ಅರ್ಧ ಕಡಿದಿದ್ದ. ಬಿಸಿಲು ಕೆಂಡ. ಅಲ್ಯುಮಿನಿಯಂ ಕಾದು ತಲೆ ಬೇಯುತ್ತಿತ್ತೇನೋ, ಕವಲಿನಲ್ಲಿ ಕೂತು ಬೋಗಾಣಿ ತೆಗೆದು, ಬಾಟಲಿಯ ನೀರು ಕುಡಿಯಲು ಮುಖ ಮೇಲೆತ್ತಿದ. ನಾನು ವರಾಂಡದಿಂದ ನೋಡುತ್ತಿದ್ದೆ. ಕಾಗೆ ಸದ್ದಿಲ್ಲದೆ ಹಿಂದಿನಿಂದ ಬಂತು.

ಅವನು ಇಳಿದು ಬಂದು, ಬೋಗಾಣಿಯನ್ನು ಪಕ್ಕಕ್ಕಿಟ್ಟು ಕಟ್ಟೆಯ ಮೇಲೆ ಕೂತ. ಮುಖ ಬೂದಿಯಾಗಿತ್ತು.

"ಬಡೀತ್ರಿ ಬಾಯಾರ."

"ಎಲ್ಲಿ?"

"ನಟ್ಟನಡು ನೆತ್ತೀಗೆ."

ಒಂದು ಹನಿ ರಕ್ತ. ನಾನು ಡೆಟಾಲ್ ಹಚ್ಚಿದೆ, ಟಿಟಿ ಇಂಜೆಕ್ಷನ್ ಮಾಡಿಸು ಎಂದೆ.

"ಸೂಜೀಗೆ ಹೋಗೂವಂಥಾದ್ದಲ್ರಿ ಇದು. ಯಾರರ ಅಳಬೇಕು."

"ಅಳ್ಳಾಕ ಯಾರದಾರ ನಿನಗ?" ಎಂದುಬಿಟ್ಟೆ. ಕೇಳಬಾರದ ಪ್ರಶ್ನೆ. ಅವನು ಬೇಸರಿಸದೆ ಯೋಚಿಸಿದ.

"ಹೆಂಡ್ತಿ ಇದ್ದಿದ್ರ ಆಕೀನ ಅಳ್ತಿದ್ಳು. ಬಾಳ ಚಂದ ಅಳ್ತಿದ್ಳರಿ, ಓಣಿ ಮಂದಿ ಎಲ್ಲಾ ಕೂಡ್ತಿದ್ರು. ಮಕ್ಕಳಾಗಲಿಲ್ಲ. ದೋಸ್ತರು ನಗತಾರ." ನೆತ್ತಿ ಮುಟ್ಟಿ ನೋಡಿಕೊಂಡು ಹೇಳಿದ, "ಅಕ್ಕ ಅದಾಳ. ನೆಲೋಗ್ಯಾಗ. ಶರಣಮ್ಮ."

ಆ ಅಕ್ಕ ಅವನೊಂದಿಗೆ ಮಾತು ಬಿಟ್ಟಿದ್ದಳು. ಅವರ ಅಪ್ಪನೂ ಗಿಡ ಸವರುವವನೇ, ಬೇವಿನ ಮರದಿಂದ ಬಿದ್ದು ಸತ್ತವನು. ಮಣ್ಣು ಮಾಡಿ ಬಂದ ದಿನ ಶರಣಮ್ಮ ತಮ್ಮನ ಕೈ ಹಿಡಿದು, ಇನ್ನು ಮರ ಏರುವುದಿಲ್ಲ ಎಂದು ಆಣೆ ಮಾಡಿಸಿಕೊಂಡಿದ್ದಳು. ಮಾಡಿದ. ಕೂಲಿಗೆ ಹೋದ, ಟೀ ಅಂಗಡಿಯಲ್ಲಿ ಲೋಟ ತೊಳೆದ, ಯಾವುದೂ ಕೈಗೆ ಹತ್ತಲಿಲ್ಲ, ಮತ್ತೆ ಮರ ಏರಿದ. ಅಕ್ಕನಿಗೆ ಗೊತ್ತಾಯಿತು. "'ನಿನ್ನ ಸುದ್ದಿ ಒಂದಿನ ಬರೂದದ. ಅದು ಬಂದ ದಿನ ಬರ್ತೇನಿ. ಅಲ್ಲೀತನ ನಿನ್ನ ಬಾಗಲಾ ತುಳಿಯಂಗಿಲ್ಲ, ನೀನೂ ನನ್ನ ಬಾಗಲಾ ತುಳೀಬ್ಯಾಡ' ಅಂದಳ್ರಿ. ನನ್ನ ಫೋನ್ ಎತ್ತಂಗಿಲ್ಲ. ನೀವು ಮಾಡ್ರಿ. ನೀವು ಸುಳ್ಳು ಹೇಳಂಗಿಲ್ಲಂತ ತಾಲೂಕಿಗೇ ಗೊತ್ತದ."

"ಅದಕ್ಕ ನನ್ನ ಕಡಿಂದ ಸುಳ್ಳು ಹೇಳಸ್ತಿಯೇನು? ನಾನ್‌ಸೆನ್ಸ್! ಶಾಕ್ ಆಗಿ ಆಕಿಗೇನರ ಆದ್ರ?"

"ಏನೂ ಆಗಂಗಿಲ್ರಿ. ಆಕಿ ಅಳು ಸುರು ಮಾಡಿದ ಕೂಡಲೆ ಫೋನ್ ನನ್ನ ಕೈಯಾಗ ಕೊಡ್ರಿ. ಅಕ್ಕಾ, ಕಾಗಿ ಬಡದಿತ್ತು, ನಾ ಅದೀನಿ ಅಂತೇನಿ. ಬೈತಾಳ. ಬೈಲಿ ಬಿಡ್ರಿ. ಎಷ್ಟರ ಬೈಲಿ."

ಬೈಲಿ ಎನ್ನುವಾಗ ಅವನ ಮುಖ ನೋಡಿದೆ. ಆಗ ನನಗೆ ತಿಳಿಯಿತು, ಕಾಗೆಯ ಭಯ ಖರೆ, ಆದರೆ ಅದು ಪೂರ್ತಿ ಕಾಗೆಯ ಮಾತಲ್ಲ. ಅಕ್ಕನ ದನಿ ಕೇಳಲು ಅವನಿಗೆ ಒಂದು ಕಾರಣ ಸಿಕ್ಕಿತ್ತು. ಅಷ್ಟು ವರ್ಷಗಳಲ್ಲಿ ಸಿಕ್ಕ ಒಂದೇ ಕಾರಣ.

ನಾನು ಫೋನ್ ಮಾಡಿದೆ. ಇಷ್ಟು ವರ್ಷ ಮಕ್ಕಳಿಗೆ ಕಂಡೋಲೆನ್ಸ್ ಲೆಟರ್ ಬರೆಯುವುದನ್ನು ಕಲಿಸಿದವಳು, ಒಂದು ವಾಕ್ಯ ಹೇಳಲು ತಡವರಿಸಿದೆ. ಜೇವರ್ಗಿಯಿಂದ ಬಾಯಾರು ಮಾತಾಡುವುದು, ನಿಮ್ಮ ತಮ್ಮ ನಿಂಗಪ್ಪ ಹೋಗಿಬಿಟ್ಟ ಎಂದೆ. ನಿಂಗಪ್ಪ ನನ್ನ ಪಕ್ಕ ಬಗ್ಗಿ, ಫೋನಿಗೆ ಕಿವಿ ಹಚ್ಚುವಷ್ಟು ಹತ್ತಿರ ನಿಂತಿದ್ದ.

ನಾನು ಹಲೋ ಹಲೋ ಎಂದೆ.

"ಮ್ಯಾಲಿಂದ ಬಿದ್ದನೇನ್ರಿ?"

"ಹೂಂ."

"ಯಾವ ಗಿಡಾ?"

"ಬೇವಿನ ಗಿಡ."

"ನಮ್ಮಪ್ಪಂದೂ ಬೇವಿನ ಗಿಡಾನ ಇತ್ರಿ" ಎಂದಳು ಆಕೆ, ಯಾರದೋ ಮನೆಯ ವಿಳಾಸ ಹೇಳಿದ ಹಾಗೆ. ಫೋನ್ ಕಟ್ಟಾಯಿತು.

"ಅತ್ತಳೇನ್ರಿ?" ಎಂದ ನಿಂಗಪ್ಪ.

"ಇಲ್ಲ."

ಅವನು ನನ್ನ ಕೈಯಿಂದ ಫೋನ್ ತೆಗೆದುಕೊಂಡು ತಾನೇ ಹಚ್ಚಿದ. ಸ್ವಿಚ್ ಆಫ್ ಆಗಿದೆ ಎಂದು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ, ಬಹಳ ಮರ್ಯಾದೆಯಿಂದ ಒಬ್ಬ ಹೆಂಗಸು ಹೇಳಿದಳು. ಮತ್ತೆ ಹಚ್ಚಿದ. ಮತ್ತೆ ಅದೇ ಮರ್ಯಾದೆ. ನೆಲೋಗಿಯಲ್ಲಿ ಬೇರೆ ಯಾರ ನಂಬರೂ ಅವನ ಹತ್ತಿರ ಇರಲಿಲ್ಲ. ನನಗೆ ಅಲ್ಲಿ ಯಾರೂ ಗೊತ್ತಿರಲಿಲ್ಲ. ಸುಳ್ಳು ಹೊರಟು ಹೋಗಿತ್ತು, ಅದರ ಹಿಂದೆ ನಿಜವನ್ನು ಕಳಿಸಲು ದಾರಿ ಇರಲಿಲ್ಲ.

"ಬರ್ತಾಳ" ಎಂದ ನಿಂಗಪ್ಪ. "ಬಸ್ ಹತ್ತಿರ್ತಾಳ. ಬಂದ ಮ್ಯಾಲ ಹೇಳಿದ್ರಾಯ್ತು. ಬರೂದರ ಬರ್ತಾಳಲ್ರಿ."

ಅವನು ನಲ್ಲಿಯ ಕೆಳಗೆ ಮುಖ ತೊಳೆದುಕೊಂಡ, ಅಂಗಿ ಝಾಡಿಸಿ ಹಾಕಿಕೊಂಡ. ನಮ್ಮ ಅಂಗಳದಲ್ಲಿ ಬಿದ್ದ ಸೊಪ್ಪನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ, ನೆಂಟರು ಬರುವ ಮನೆಯ ಹಾಗೆ ಕಸ ಹೊಡೆದ. "ಬಾಯಾರ, ಒಂದೀಟು ಸಜ್ಜಕ ಮಾಡಿಸ್ತೀರೇನ್ರಿ? ಅಕ್ಕಗ ಬಾಳ ಸೇರ್ತದ" ಎಂದು ಕೇಳಿದ. ಮಾಡಿದೆ. ರವೆಗೆ ಬೆಲ್ಲ ಜಾಸ್ತಿಯಾಯಿತು, ನನ್ನ ಅಡುಗೆಯ ಕೈ ಯಾವತ್ತೂ ಹಾಗೆಯೇ. ಮೇಲೆ ಕಾಗೆಗಳು ಕೂಗಿ ಕೂಗಿ ಸುಮ್ಮನಾಗಿದ್ದವು. ಅರ್ಧ ಕಡಿದ ಟೊಂಗೆ ತೂಗುತ್ತಿತ್ತು.

ಇಳಿಹೊತ್ತಿಗೆ ಆಕೆ ಬಾಯಾರ ಮನೆ ಯಾವುದೆಂದು ಕೇಳಿಕೊಂಡು ಬಂದಳು. ಜೊತೆಗೆ ಯಾರೂ ಇರಲಿಲ್ಲ. ನಾನು ಎತ್ತರದ, ಬಿರುಸಿನ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಬಂದವಳು ಕುಳ್ಳಿ, ಸೆರಗನ್ನು ತಲೆಯ ಮೇಲಿಂದ ಬಿಗಿಯಾಗಿ ಎಳೆದುಕೊಂಡವಳು. ಕಂಕುಳಲ್ಲಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ಮಡಿಕೆ ಬಿಚ್ಚದ ಬಿಳಿ ಬಟ್ಟೆ. ಕಣ್ಣು ಊದಿ ಸಣ್ಣಗಾಗಿದ್ದವು.

ನಿಂಗಪ್ಪ ಕಟ್ಟೆಯಿಂದ ಎದ್ದು ನಿಂತ. ನಗಲು ನೋಡಿದ. "ಅಕ್ಕಾ, ಕಾಗಿ ಬಡದಿತ್ತು."

ಆಕೆಗೆ ಅಷ್ಟೇ ಸಾಕಾಯಿತು. ಬೇರೆ ವಿವರಣೆ ಬೇಕಾಗಲಿಲ್ಲ. ನಮ್ಮ ಕಡೆಯ ಯಾವ ಹೆಂಗಸಿಗೂ ಬೇಕಾಗುವುದಿಲ್ಲ. ನಾನು ಕಪಾಳಕ್ಕೆ ಕಾದೆ. ಬೈಗುಳಕ್ಕೆ ಕಾದೆ. ಆಕೆ ಗೇಟಿನ ಹತ್ತಿರ ನಿಂತುಕೊಂಡೇ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದಳು, ಆಮೇಲೆ ನನ್ನ ಕಡೆ ತಿರುಗಿ, "ಒಂದೀಟು ನೀರು ಕೊಡ್ರಿ" ಎಂದಳು.

ನೀರು ಕುಡಿದಳು. ನಿಂಗಪ್ಪ ಮೆಲ್ಲಗೆ ಕೇಳಿದ, "ಅತ್ತೇನಕ್ಕಾ?"

"ಅತ್ತೆ. ಬಸ್ಸಿನಾಗ ಅತ್ತೆ. ಗುರ್ತಿಲ್ದ ಹೆಣ್ಮಕ್ಕಳು ತಲಿ ಹಿಡಕೊಂಡು ಕುಂತಿದ್ರು. ಬಟ್ಟಿ ಅಂಗಡ್ಯಾಗ ಅತ್ತೆ. ಅಪ್ಪಗ ಎಷ್ಟು ಅತ್ತಿದ್ದೆ, ಅದಕ್ಕಿಂತ ಹೆಚ್ಚು ಅತ್ತೆ."

"ಹಂಗಾರ ಸಾಕು. ನನಗಿನ್ನ ಏನೂ ಆಗಂಗಿಲ್ಲ" ಎಂದ ಅವನು, ಖುಷಿಯಿಂದಲೇ.

"ನಿನಗ ಆಗಂಗಿಲ್ಲೋ ತಮ್ಮಾ. ನನಗ ಆಗಿ ಹೋತು. ಇಷ್ಟು ವರ್ಷ ಫೋನ್ ಹೊಡಕೊಂಡಾಗೊಮ್ಮಿ ಎದಿ ಧಸಕ್ ಅಂತಿತ್ತು. ಇವತ್ತು ಆ ಫೋನ್ ಬಂತು. ಅತ್ತೆ, ಮುಗೀತು. ಇನ್ನ ಅಂಜಿಕಿ ಇಲ್ಲ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ. ಆಕೆ ಸಿಟ್ಟಿನಿಂದ ಹೇಳಿದ್ದರೆ ಚೆನ್ನಾಗಿತ್ತು. ಸಿಟ್ಟು ಇಳಿಯುವಂಥದ್ದು. ಆಕೆ ದೊಡ್ಡ ಗಂಟನ್ನು ಕೆಳಗಿಟ್ಟವರ ದನಿಯಲ್ಲಿ ಹೇಳಿದಳು. ಬಟ್ಟೆಯ ಚೀಲವನ್ನು ಕಟ್ಟೆಯ ಮೇಲಿಟ್ಟು, "ಇದನ್ನ ತಿರುಗಿ ಮನೀಗೆ ಒಯ್ಯಂಗಿಲ್ಲ, ಇಲ್ಲೇ ಇರಲಿ" ಎಂದಳು.

"ಅಕ್ಕಾ, ಸಜ್ಜಕ ಮಾಡಸೀನಿ. ಉಂಡು ಹೋಗು."

"ಮಣ್ಣಿಗೆ ಬಂದವರು ಉಂಡು ಹೋಗ್ತಾರೇನೋ?"

ಅವನು ಗೇಟಿನ ತನಕ ಹಿಂದೆ ಬಂದ. "ನೀ ಬರಬ್ಯಾಡ" ಎಂದಳು. ಹಾಗಾಗಿ ನಾನು ಹೋದೆ, ಕೋಲೂರಿಕೊಂಡು. ಬಸ್ ಸ್ಟ್ಯಾಂಡ್ ನಮ್ಮ ಮನೆಯಿಂದ ದೂರವಿಲ್ಲ. ದಾರಿಯಲ್ಲಿ ನಾನು ಸಾರಿ ಎಂದೆ, ತಪ್ಪಾಯಿತು ಎಂದೆ, ಅವನಿಗೆ ನಿಮ್ಮ ಮಾತು ಕೇಳಬೇಕಿತ್ತು ಅಷ್ಟೇ ಎಂದೆ. ಆಕೆ ನನ್ನ ಮಂಡಿಯ ಸಲುವಾಗಿ ನಿಧಾನವಾಗಿ ನಡೆದಳು, ಕಾಲುವೆಯ ಹಲಗೆ ದಾಟುವಾಗ ನನ್ನ ರಟ್ಟೆ ಹಿಡಿದಳು. ಗೊಬ್ಬೂರಿನ ಆ ಅಂಗಳದಲ್ಲಿ ಕುಸಿದು ಕೂತ ಅತ್ತೆಯನ್ನು ಎಬ್ಬಿಸಿದ್ದು ಯಾರು ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಯಾರೂ ಎಬ್ಬಿಸಿರಲಿಲ್ಲ, ಎಲ್ಲರೂ ನಗುತ್ತಿದ್ದೆವು.

ನೆಲೋಗಿಯ ಬಸ್ಸು ನಿಂತಿತ್ತು. ಫುಟ್‌ಬೋರ್ಡಿನ ಮೇಲೆ ಕಾಲಿಟ್ಟ ಆಕೆ ತಿರುಗಿದಳು.

"ಬಾಯಾರ, ನನ್ನ ನಂಬರ್ ಅದರಾಗ ಅದಲ್ರಿ?"

"ಅದ."

"ಅಳಿಸಿಬಿಡ್ರಿ. ಇನ್ನೊಮ್ಮಿ ಮಾಡಬ್ಯಾಡ್ರಿ. ಖರೇನ ಆದ್ರೂ ಮಾಡಬ್ಯಾಡ್ರಿ."

ನಾನು ಆಯ್ತು ಎಂದೆ. ಆಕೆ ಒಳಗೆ ಹೋಗಲಿಲ್ಲ. ಅಳಿಸುವುದನ್ನು ನೋಡಲು ನಿಂತಳು. ನನಗೆ ಈ ಸ್ಮಾರ್ಟ್ ಫೋನಿನಲ್ಲಿ ಎತ್ತುವುದು, ಇಡುವುದು ಬಿಟ್ಟರೆ ಬೇರೇನೂ ಬರುವುದಿಲ್ಲ. ಒತ್ತಿದ್ದಕ್ಕೆಲ್ಲ ಕ್ಯಾಮೆರಾ ತೆರೆಯಿತು. ಒಮ್ಮೆ ನನ್ನದೇ ಮುಖ ಬಂತು. ಹಿಂದಿನವರು ಹತ್ತಲು ಗದ್ದಲ ಮಾಡಿದರು. ಕಂಡಕ್ಟರ್ "ಏನ್ ನಡಿಸೀರಿ ಅಜ್ಜಿ, ಬಸ್ ಬಿಡೂದದ" ಎಂದು ರೇಗಿ, ಕಡೆಗೆ ತಾನೇ ಫೋನ್ ಕಸಿದುಕೊಂಡು, "ಯಾವ್ದು, ಇದಾ?" ಎಂದು ಕೇಳಿದ. ಶರಣಮ್ಮ ಬಗ್ಗಿ ನೋಡಿ, ತನ್ನ ನಂಬರಿನ ಕೊನೆಯ ಅಂಕಿಗಳನ್ನು ಬಾಯಲ್ಲಿ ಹೇಳಿಕೊಂಡು, "ಹೌದ್ರಿ, ಅದೇ" ಎಂದಳು. ಅವನು ಒತ್ತಿದ. ಆಕೆ ನನಗೆ ಕೈ ಮುಗಿದು ಒಳಗೆ ಹೋದಳು.

ನಾನು ವಾಪಸು ಬರುವಾಗ ಕತ್ತಲಾಗಿರಲಿಲ್ಲ. ನಿಂಗಪ್ಪ ಮರದ ಬುಡದಲ್ಲಿ ಕೂತಿದ್ದ. ನನ್ನನ್ನು ನೋಡಿ ಎದ್ದು ಬಂದ. ಅಕ್ಕ ಏನಂದಳು ಎಂದು ಕೇಳುತ್ತಾನೆ, ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದೆ. ಅವನು ಅದನ್ನು ಕೇಳಲಿಲ್ಲ.

"ಬಸ್ಸಿನಾಗ ಜಾಗಾ ಸಿಕ್ತೇನ್ರಿ ಅಕ್ಕಗ?" ಎಂದ.

"ಸಿಕ್ತು" ಎಂದೆ. "ಕಿಟಕಿ ಕಡೆ."